ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬಸವೇಶ್ವರನಗರದ ಹಾವನೂರು ವೃತ್ತದಲ್ಲಿ ದಿನಕ್ಕೆ ಎಷ್ಟು ಬಸ್ಸುಗಳು ನಿಲ್ಲುತ್ತವೆಯೋ ಅಷ್ಟು ಬಾರಿ ಆ ಹೆಸರು ಕಂಡಕ್ಟರರ ಬಾಯಿಂದ ಹೊರಡುತ್ತದೆ. ಇಳಿಯುವವರು ಇಳಿಯುತ್ತಾರೆ, ಹತ್ತುವವರು ಹತ್ತುತ್ತಾರೆ; ಹೂವು ಕೊಳ್ಳುವವರು ಹೂವು ಕೊಂಡು ಮನೆಯ ದಾರಿ ಹಿಡಿಯುತ್ತಾರೆ. ಹಾವನೂರು ಎಂಬುದು ಒಂದು ಊರೋ, ಒಬ್ಬ ಮನುಷ್ಯನೋ ಎಂಬ ಪ್ರಶ್ನೆ ಅವರಲ್ಲಿ ಎಷ್ಟು ಮಂದಿಗೆ ಹುಟ್ಟೀತು? ದಿನವೂ ನಾಲಗೆಯ ಮೇಲಿರುವ ಹೆಸರೇ ಎಲ್ಲಕ್ಕಿಂತ ಬೇಗ ಅರ್ಥ ಕಳೆದುಕೊಳ್ಳುತ್ತದೆ. ಬಡಾವಣೆಯ ಹೆಸರಿಗೂ ಅದೇ ಗತಿ. ಮಡಿವಾಳ ಮಾಚಯ್ಯ, ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ ಮುಂತಾದ ಕಾಯಕಜೀವಿಗಳನ್ನು ತನ್ನ ಸರಿಸಮಾನರೆಂದು ಕಂಡ ಹನ್ನೆರಡನೆಯ ಶತಮಾನದ ಬಸವಣ್ಣನ ಹೆಸರು, ಇಂದು ಕಾಗದದ ಮೇಲಿನ ವಿಳಾಸದಲ್ಲಿ ಒಂದು ಸಾಲಾಗಿ ಉಳಿದಿದೆ.

2025ರ ಅಕ್ಟೋಬರ್ ತಿಂಗಳಲ್ಲಿ ಈ ಎರಡು ಹೆಸರುಗಳಿಗೂ ಒಂದು ಮಧ್ಯಾಹ್ನದ ಮಟ್ಟಿಗೆ ಜೀವ ಬಂದ ಪ್ರಸಂಗವೊಂದುಂಟು. ವೃತ್ತದಿಂದ ಕೂಗಳತೆಯ ದೂರದಲ್ಲಿರುವ ಒಂದು ಮಹಡಿ ಮನೆ. ಲೆಕ್ಕಪತ್ರದ ಕಚೇರಿಯಿಂದ ನಿವೃತ್ತರಾದ ಹಿರಿಯರು, ಅವರ ಸೊಸೆ, ಕಾಲೇಜಿನಲ್ಲಿ ಓದುವ ಮೊಮ್ಮಗಳು ಮನೆಯಲ್ಲಿದ್ದರು. ಬಾಗಿಲ ಗಂಟೆ ಬಾರಿಸಿದಾಕೆ ಗಣತಿಗೆ ಬಂದ ಶಾಲಾ ಶಿಕ್ಷಕಿ. ಹೆಗಲಲ್ಲಿ ಚೀಲ, ಕೈಯಲ್ಲಿ ಫೋನು, ಹಣೆಯ ಮೇಲೆ ಬೆವರು. ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ರಾಜ್ಯದಲ್ಲಿ ಸೆಪ್ಟೆಂಬರ್ 22ರಿಂದಲೂ, ಬೆಂಗಳೂರಿನಲ್ಲಿ ಅಕ್ಟೋಬರ್ 4ರಿಂದಲೂ ನಡೆದಿತ್ತು. ವಿದ್ಯುತ್ ಮೀಟರಿನ ಲೆಕ್ಕದವರು ಮುಂಚೆಯೇ ಬಂದು ಬಾಗಿಲ ಪಕ್ಕದಲ್ಲಿ ಚೀಟಿ ಅಂಟಿಸಿ ಹೋಗಿದ್ದರು. ಕೇಳಬೇಕಾದ ಪ್ರಶ್ನೆಗಳು 60.

ಸೊಸೆ ಬಾಗಿಲಲ್ಲೇ ನಿಂತು ವಿನಯದಿಂದಲೇ ಹೇಳಿದರು: "ನಮಗೆ ಯಾವ ಮೀಸಲಾತಿಯೂ ಬೇಡ ಮೇಡಂ. ಕೇಳುವುದೂ ಇಲ್ಲ. ನಮ್ಮ ವಿವರ ಬರೆದುಕೊಂಡು ಯಾರಿಗೇನು ಉಪಯೋಗ? ಇಷ್ಟವಿಲ್ಲದವರು ಉತ್ತರ ಕೊಡಬೇಕಾಗಿಲ್ಲವೆಂದು ಪತ್ರಿಕೆಯಲ್ಲಿ ಓದಿದ್ದೇನೆ."

ಆಕೆ ಓದಿದ್ದು ಸುಳ್ಳಲ್ಲ. ಸಮೀಕ್ಷೆಗೆ ತಡೆ ಕೊಡಲು ಒಪ್ಪದ ಹೈಕೋರ್ಟು, ಸೆಪ್ಟೆಂಬರ್ 25ರಂದು, ಉತ್ತರಿಸುವುದು ಜನರ ಇಚ್ಛೆಗೆ ಬಿಟ್ಟದ್ದೆಂದೂ ಸಂಗ್ರಹಿಸಿದ ವಿವರ ಗೋಪ್ಯವಾಗಿರಬೇಕೆಂದೂ ವಿಧಿಸಿತ್ತು. ಶಿಕ್ಷಕಿ ವಾದಕ್ಕಿಳಿಯಲಿಲ್ಲ. "ಆಗಲಿ ಅಮ್ಮಾ, ಒಪ್ಪಲಿಲ್ಲವೆಂದು ಬರೆದುಕೊಳ್ಳುತ್ತೇನೆ. ಕುಡಿಯಲು ಸ್ವಲ್ಪ ನೀರು ಕೊಡುತ್ತೀರಾ?" ಎಂದರು.

ಒಳಗಿನಿಂದ ಹಿರಿಯರ ದನಿ ಬಂತು: "ಬನ್ನಿ ತಾಯಿ, ಒಳಗೆ ಬಂದು ಕುಳಿತುಕೊಳ್ಳಿ. ನೀರೇಕೆ, ಮಜ್ಜಿಗೆ ಕುಡಿಯಿರಿ. ಬಿಸಿಲು ಬಲವಾಗಿದೆ."

ಮಜ್ಜಿಗೆ ಬಂತು. ಕುಡಿಯುತ್ತಿದ್ದಂತೆ ಶಿಕ್ಷಕಿ, ಬೆಳಗಿನಿಂದ ಹಾವನೂರು ವೃತ್ತದ ಸುತ್ತಮುತ್ತಲೇ ತಿರುಗಿದ್ದಾಗಿ ಹೇಳಿದರು. ಹಿರಿಯರು ಮೆಲ್ಲನೆ ನಕ್ಕರು. "ಹಾವನೂರರ ಹೆಸರಿನ ಸರ್ಕಲ್ಲಿನಲ್ಲೇ ಗಣತಿಗೆ ಬಾಗಿಲು ಮುಚ್ಚುತ್ತಿದೆ ಎಂದಾಯಿತು" ಎಂದರು. ಮೊಮ್ಮಗಳು ತಲೆಯೆತ್ತಿ, "ಯಾರು ತಾತ ಹಾವನೂರು?" ಎಂದು ಕೇಳಿದಳು. ಆ ಹಿರಿಯರು ಹೇಳಿದ್ದರ ಸಾರಾಂಶವನ್ನು, ಓದುಗರಿಗೆ ಪ್ರಯೋಜನವಾಗಬಹುದಾದ ಇತರ ಸಂಗತಿಗಳನ್ನೂ ಸೇರಿಸಿ, ಇಲ್ಲಿ ಕೊಟ್ಟಿದೆ.

ಸರ್ಕಾರವೇ ಮುಂದಾಗಿ ಅಸಮಾನತೆಯನ್ನು ತಿದ್ದಬೇಕೆಂಬ ನೀತಿ ಈ ನಾಡಿಗೆ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಸಂಸ್ಥಾನದ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣ ಸಮುದಾಯದವರ ಕೈಯಲ್ಲಿದೆ, ಉಳಿದವರಿಗೆ ತಕ್ಕ ಪಾಲಿಲ್ಲ ಎಂಬುದು ಪ್ರಜಾಮಿತ್ರ ಮಂಡಳಿಯವರ ದೂರಾಗಿತ್ತು. ಅರ್ಹತೆಗೆ ಕುಂದು ಬಂದೀತೆಂಬ ಆತಂಕದಿಂದ ದಿವಾನ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಅವರು ಪದವಿಯನ್ನು ಬಿಟ್ಟುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂಬುದು ಸಮಿತಿಯ ಸಲಹೆ. 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು. ಅರಸರು ಮನಸ್ಸು ಮಾಡಿದರು, ಆಯಿತು. ಆ ಆಜ್ಞೆಯನ್ನು ಪ್ರಶ್ನಿಸಲು ಆಗ ಸಂವಿಧಾನವೂ ಇರಲಿಲ್ಲ, ಸುಪ್ರೀಂ ಕೋರ್ಟೂ ಇರಲಿಲ್ಲ.

1950ರ ಜನವರಿ 26ರ ಅನಂತರ ಕಾಲ ಬೇರೆಯಾಯಿತು. ಸಂವಿಧಾನವು ಕೂಲಿಯವನಿಗೂ ಕೋಟ್ಯಧೀಶನಿಗೂ ತಲಾ ಒಂದೇ ಮತ ಕೊಟ್ಟಿತು. ಆದರೆ ಇದರ ಹಿಂದಿನ ಅಪಾಯವನ್ನು ಅಂಬೇಡ್ಕರರು 1949ರ ನವೆಂಬರ್ 25ರಂದೇ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿಯೂ ಸಂಪತ್ತಿನಲ್ಲಿಯೂ ಅಸಮಾನತೆ. ಈ ವಿರೋಧವನ್ನು ಬೇಗ ನೀಗಿಸದಿದ್ದರೆ ಕಟ್ಟಿದ ಪ್ರಜಾಪ್ರಭುತ್ವಕ್ಕೇ ಕೇಡು ಎಂಬುದು ಅವರ ಮಾತಿನ ತಾತ್ಪರ್ಯ. ಮಕ್ಕಳ ಆಟದಲ್ಲಿ ಎಲ್ಲರಿಗಿಂತ ಚಿಕ್ಕದೊಂದು ಕೂಸಿರುತ್ತದೆ. ಅದೂ ಓಡುತ್ತದೆ, ಕೂಗುತ್ತದೆ. ಆದರೆ ಅದನ್ನು ಮುಟ್ಟಿದರೂ ಔಟಿಲ್ಲ, ಅದು ಮುಟ್ಟಿದರೂ ಔಟಿಲ್ಲ. ಅಂಥದ್ದನ್ನು ನಮ್ಮವರು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎನ್ನುತ್ತಾರೆ. ಮತ ಹಾಕುವ ದಿನ ಸಾಲಿನಲ್ಲಿ ನಿಂತು, ಉಳಿದ ದಿನಗಳಲ್ಲಿ ಹುದ್ದೆ, ವಿದ್ಯೆ, ಬಂಡವಾಳ ಯಾವುದರಲ್ಲಿಯೂ ಪಾಲಿಲ್ಲದವರ ಪಾಡು ಅದೇ ಅಲ್ಲವೇ?

ಪಾಲು ಕೊಡಬೇಕೆಂಬುದನ್ನು ಒಪ್ಪಿದ ಮೇಲೂ ಯಾರಿಗೆ, ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಮೈಸೂರು ರಾಜ್ಯ ಮೊದಲು ಎಡವಿದ್ದು ಇಲ್ಲಿಯೇ. 1960ರಲ್ಲಿ ನೇಮಕವಾದ ನಾಗನಗೌಡ ಸಮಿತಿಯು ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿಯೊಂದು ಸಮುದಾಯದ ಸಾವಿರ ಜನರಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ಅಳೆಯಿತು. ರಾಜ್ಯದ ಸರಾಸರಿ 6.9. ಆದರೆ 7.1 ಇದ್ದ ಸಮುದಾಯವೂ ಹಿಂದುಳಿದವರ ಪಟ್ಟಿಯಲ್ಲಿ ಸೇರಿಕೊಂಡಿತ್ತು. 1962ರ ಜುಲೈ 31ರ ಸರ್ಕಾರಿ ಆದೇಶವು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸ್ಥಾನಗಳಲ್ಲಿ ನೂರಕ್ಕೆ 68ನ್ನು ಕಾಯ್ದಿರಿಸಿತು. ಎರಡು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 28ರಂದು, ಸುಪ್ರೀಂ ಕೋರ್ಟು ಬಾಲಾಜಿ ಮೊಕದ್ದಮೆಯಲ್ಲಿ ಆ ಆದೇಶವನ್ನು ಅನೂರ್ಜಿತಗೊಳಿಸಿತು. ಜಾತಿಯೊಂದನ್ನೇ ಅಳತೆಗೋಲು ಮಾಡಬಾರದು, ಕಾಯ್ದಿರಿಸುವ ಪಾಲು ಸಾಮಾನ್ಯವಾಗಿ ಅರ್ಧವನ್ನು ಮೀರಬಾರದು, ಸರಾಸರಿಗಿಂತ ಬಹಳ ಕೆಳಗಿರುವವರನ್ನು ಹಿಂದುಳಿದವರೆನ್ನಬಹುದೇ ಹೊರತು ಸರಾಸರಿಯ ಅಂಚಿನಲ್ಲಿರುವವರನ್ನಲ್ಲ ಎಂಬುದು ನ್ಯಾಯಾಲಯದ ನಿಲುವು. ಉದ್ದೇಶ ಒಳ್ಳೆಯದಾಗಿದ್ದರೂ ಲೆಕ್ಕ ಗಟ್ಟಿಯಾಗಿರಲಿಲ್ಲ.

ಹಾವನೂರರು ಬಂದದ್ದು ಹತ್ತು ವರ್ಷಗಳ ಮೇಲೆ. 1972ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ದೇವರಾಜ ಅರಸರು ಹಿಂದುಳಿದ ವರ್ಗಗಳ ಆಯೋಗವನ್ನು ರಚಿಸಿ, ವಕೀಲರಾಗಿದ್ದ ಎಲ್.ಜಿ. ಹಾವನೂರರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿದರು. ಬಾಲಾಜಿ ತೀರ್ಪನ್ನು ಬಲ್ಲ ಆ ವಕೀಲರು ಲೆಕ್ಕವಿಲ್ಲದ ಸಹಾನುಭೂತಿ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಲ್ಲದೆಂಬುದನ್ನು ಅರಿತಿದ್ದರು. ಹಳ್ಳಿಗಳಲ್ಲಿಯೂ ಪಟ್ಟಣದ ಬಡಾವಣೆಗಳಲ್ಲಿಯೂ ಮನೆಮನೆಗೆ ಜನರನ್ನು ಕಳುಹಿಸಿ ವೃತ್ತಿ, ವಸತಿ, ಓದು ಇವನ್ನು ಬರೆಸಿದರು. 1972ರ ಎಸ್ಸೆಸ್ಸೆಲ್ಸಿ ಫಲಿತಾಂಶಗಳನ್ನು ಸಮುದಾಯವಾರು ವಿಂಗಡಿಸಿದರು. ರಾಜ್ಯದ ಸರಾಸರಿ, ಸಾವಿರ ಜನರಿಗೆ 1.69 ಮಂದಿ ತೇರ್ಗಡೆ. ಯಾವ ಸಮುದಾಯ ಆ ಗೆರೆಯಿಂದ ಎಷ್ಟು ಕೆಳಗಿದೆ ಎಂಬುದರ ಮೇಲೆ ಶ್ರೇಣಿ ಕಟ್ಟಿದರು. 1975ರ ನವೆಂಬರ್‌ನಲ್ಲಿ ವರದಿ ಸರ್ಕಾರದ ಕೈಸೇರಿತು. ವಿರೋಧ ಕಡಿಮೆಯಾಗಿರಲಿಲ್ಲ, ಸಭೆಗಳಲ್ಲಿ ಕೂಗಾಟವಾಯಿತು, ನ್ಯಾಯಾಲಯಗಳಲ್ಲಿ ದಾವೆಗಳು ಬಿದ್ದವು. ಆದರೂ 1977ರ ಆದೇಶ ಆ ವರದಿಯ ಅಡಿಪಾಯದ ಮೇಲೆಯೇ ಎದ್ದಿತು. ಅದುವರೆಗೆ ಪಟ್ಟಿಗಳಲ್ಲಿ ಹೆಸರೂ ಕಾಣದಿದ್ದ ಸಣ್ಣಪುಟ್ಟ ಕುಶಲಕರ್ಮಿ ಜಾತಿಗಳೂ ಅಲೆಮಾರಿ ಗುಂಪುಗಳೂ ಮೊದಲ ಬಾರಿಗೆ ಲೆಕ್ಕಕ್ಕೆ ಬಂದವು.

ಮೊಮ್ಮಗಳು ನಡುವೆ ಕೇಳಿದಳು: "ಕಾಲೇಜಿನ ಸೀಟು ಸರಿ ತಾತ. ಇಡೀ ಹಣಕಾಸಿನ ವ್ಯವಹಾರಕ್ಕೂ ಈ ಗಣತಿಗೂ ಏನು ಸಂಬಂಧ?"

ಹಿರಿಯರ ಕಚೇರಿಯ ಹಳೆಯ ಅಭ್ಯಾಸ ಎಚ್ಚೆತ್ತಿತು. "24.1 ಎಂಬ ಅಂಕಿಯನ್ನು ನೆನಪಿಟ್ಟುಕೋ ಮಗು" ಎಂದರು.

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 17.15, ಪರಿಶಿಷ್ಟ ಪಂಗಡದವರು ಶೇಕಡಾ 6.95. ಎರಡನ್ನೂ ಕೂಡಿದರೆ 24.1. 2013ರ ಕಾನೂನೊಂದು, ಅಭಿವೃದ್ಧಿ ಯೋಜನೆಗಳ ಹಣದಲ್ಲಿ ಈ ಜನರ ಸಂಖ್ಯೆಗೆ ಸಮನಾದ ಪಾಲನ್ನು ಅವರಿಗಾಗಿಯೇ ತೆಗೆದಿಡಬೇಕೆಂದು ಕಟ್ಟಳೆ ಮಾಡಿತು. ಇದೇ ಅಂಕಿ ಸರ್ಕಾರದ ಗುತ್ತಿಗೆಗೂ ಹೋಯಿತು. ರಸ್ತೆ, ಚರಂಡಿ, ಕಟ್ಟಡಗಳಂಥ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಶೇಕಡಾ 17.15 ಪರಿಶಿಷ್ಟ ಜಾತಿಯ, ಶೇಕಡಾ 6.95 ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ದೊರೆಯುವಂತೆ ಟೆಂಡರಿನ ಕಾನೂನಿಗೆ ತಿದ್ದುಪಡಿಯಾಯಿತು. 2023ರಲ್ಲಿ ಆ ಮಿತಿ ಒಂದು ಕೋಟಿಗೇರಿತು. ಕೂಲಿಯಾಗಿ ಮಣ್ಣು ಹೊತ್ತವನ ಮಗನು ಗುತ್ತಿಗೆದಾರನಾಗುವುದಕ್ಕೆ ದಾರಿ ತೆರೆದದ್ದು ಆ ದಶಾಂಶ ಬಿಂದುವಿನ ಎರಡು ಕಡೆಯ ಅಂಕಿಗಳು. ಯಾವುದೋ ಗುಡಿಸಲಿನ ಮುಂದೆ ನಿಂತು ಒಬ್ಬ ಗಣತಿದಾರನು ಬರೆದುಕೊಂಡ ಒಂದೊಂದು ಹೆಸರೂ ಆ ಮೊತ್ತದಲ್ಲಿ ಸೇರಿದೆ.

ಎಣಿಕೆ ತಪ್ಪಿದರೆ ಆಗುವ ತೊಂದರೆಯನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಬಸವೇಶ್ವರನಗರದವರು ಮೋರಿ ಕಟ್ಟಿಕೊಂಡಾಗ, ಬೀದಿ ದೀಪ ಆರಿದಾಗ, ತಮ್ಮ ವಾರ್ಡಿನ ಕಾರ್ಪೊರೇಟರನ್ನು ಹುಡುಕಿಕೊಂಡು ಹೋಗುವ ಪದ್ಧತಿಯಿತ್ತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಆಮೇಲೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಸ್ಥಾನ ಕಾಯ್ದಿರಿಸಬೇಕಾದರೆ ಅವರ ರಾಜಕೀಯ ಹಿನ್ನಡೆಯನ್ನು ಒಂದು ಆಯೋಗ ಅಂಕಿ ಅಂಶಗಳಿಂದ ತೋರಿಸಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2022ರಲ್ಲಿ ಅವಸರದಲ್ಲಿ ಹೊರಟ ವಾರ್ಡುಗಳ ಮೀಸಲಾತಿ ಪಟ್ಟಿಯನ್ನು ಅದೇ ವರ್ಷದ ಸೆಪ್ಟೆಂಬರ್ 30ರಂದು ಹೈಕೋರ್ಟು ರದ್ದುಪಡಿಸಿತು. ಬೇರೆ ಕಾರಣಗಳೂ ಕೂಡಿಕೊಂಡವು. ಐದು ವರ್ಷಗಳ ಕಾಲ ಈ ಮಹಾನಗರಿ ಕಾರ್ಪೊರೇಟರುಗಳಿಲ್ಲದೆ ಕಳೆಯಿತು. 2025ರ ಸೆಪ್ಟೆಂಬರ್ 2ರಂದು ಪಾಲಿಕೆಯೇ ಐದು ಪಾಲಿಕೆಗಳಾಗಿ ಒಡೆಯಿತು. ಹಿಂದುಳಿದವರ ಲೆಕ್ಕ ಸರಿಯಿಲ್ಲದಿದ್ದರೆ ಮುಂದುವರಿದವರ ಬೀದಿಯ ದೀಪವೂ ಉರಿಯದು.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಅಧ್ಯಕ್ಷ ಬೈಡನ್ ಅಧಿಕಾರ ವಹಿಸಿಕೊಂಡ ದಿನವೇ, 2021ರ ಜನವರಿ 20ರಂದು, ಸರ್ಕಾರದ ಎಲ್ಲ ಇಲಾಖೆಗಳೂ ವರ್ಣೀಯರಿಗೂ ಹಿಂದುಳಿದವರಿಗೂ ನ್ಯಾಯವಾದ ಪಾಲು ದೊರಕಿಸಬೇಕೆಂದು ಆಜ್ಞೆ ಮಾಡಿದರು. ಸರಿಯಾಗಿ ನಾಲ್ಕು ವರ್ಷಗಳಿಗೆ, 2025ರ ಜನವರಿ 20ರಂದು, ಅಧ್ಯಕ್ಷ ಟ್ರಂಪ್ ಅದನ್ನು ಹಿಂತೆಗೆದುಕೊಂಡರು. ಒಂದು ರುಜುವಿನಿಂದ ಹುಟ್ಟಿದ್ದು ಇನ್ನೊಂದು ರುಜುವಿನಿಂದ ಅಳಿಯಿತು. ಬ್ರೆಜಿಲ್ ದೇಶ ಬೇರೆ ದಾರಿ ಹಿಡಿಯಿತು. ಅಲ್ಲಿ 2012ರ ಕಾನೂನಿನ ಪ್ರಕಾರ ಕೇಂದ್ರ ವಿಶ್ವವಿದ್ಯಾಲಯಗಳ ಅರ್ಧ ಸ್ಥಾನಗಳು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ. ಅದರೊಳಗೆ ಕಪ್ಪು ಮತ್ತು ಮಿಶ್ರ ವರ್ಣದವರಿಗೂ ಮೂಲನಿವಾಸಿಗಳಿಗೂ ಆಯಾ ಪ್ರಾಂತದ ಜನಗಣತಿಯ ಪ್ರಮಾಣದಲ್ಲಿ ಪಾಲು. ಫ್ರಾನ್ಸ್ ದೇಶವಾದರೋ ಪ್ರಜೆಗಳ ವರ್ಣವನ್ನು ಗಣತಿಯಲ್ಲಿ ಕೇಳುವುದೇ ಇಲ್ಲ. ಕೇಳದಿದ್ದ ಮಾತ್ರಕ್ಕೆ ಭೇದ ಹೋದೀತೆಂದರೆ, ಜ್ವರವನ್ನು ಅಳೆಯದಿದ್ದರೆ ಜ್ವರ ಬಿಟ್ಟೀತೆಂದ ಹಾಗೆ.

ಇಷ್ಟನ್ನೆಲ್ಲ ಸಮಾಧಾನದಿಂದ ಕೇಳಿದ ಸೊಸೆ ಸುಮ್ಮನೆ ಒಪ್ಪುವವರಲ್ಲ. "ಮಾವ, ಜಾತಿ ಬೇಡವೆನ್ನುವವರೇ ಮನೆಮನೆಗೆ ಬಂದು ಜಾತಿ ಕೇಳಿದರೆ ಅದು ಹೋಗುವುದು ಯಾವಾಗ? ಅದೂ ಅಲ್ಲದೆ, 2015ರಲ್ಲಿಯೂ ಹೀಗೆಯೇ ಬಂದು ಬರೆದುಕೊಂಡು ಹೋದರಲ್ಲ, ಅದೇನಾಯಿತು?" ಎಂದರು.

ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದರಲ್ಲಿ ಸರ್ಕಾರಗಳ ತಪ್ಪನ್ನು ಮುಚ್ಚಿಡಲಾಗದು. 2015ರ ಸಮೀಕ್ಷೆಯ ಫಲ ಸರ್ಕಾರದ ಕೈಗೆ ಬಂದದ್ದು 2024ರ ಫೆಬ್ರವರಿಯ ಕೊನೆಗೆ. ಸಚಿವ ಸಂಪುಟದ ಮುಂದೆ ಅದು ತೆರೆದದ್ದು 2025ರ ಏಪ್ರಿಲ್‌ನಲ್ಲಿ. ಹತ್ತು ವರ್ಷ ಹಳೆಯದಾಯಿತೆಂದು, ಜೂನ್ ತಿಂಗಳಲ್ಲಿ ಹೊಸ ಸಮೀಕ್ಷೆಗೆ ತೀರ್ಮಾನವಾಯಿತು. ಮಾಡಿದ ಅಡುಗೆಯನ್ನು ಬಡಿಸದೆ ಹಳಸಲು ಬಿಟ್ಟು, ಪುನಃ ಒಲೆ ಹಚ್ಚಿದಂತಾಯಿತು. ಪ್ರಬಲರಿಗೆ ತಮ್ಮ ಸಂಖ್ಯೆ ಕಡಿಮೆಯಾಗಿ ಕಂಡೀತೆಂಬ ಅಂಜಿಕೆ. ಸರ್ಕಾರಕ್ಕೆ ಪ್ರಬಲರ ಅಂಜಿಕೆ. ಜನರು ಸತ್ಯ ಹೇಳಬೇಕೆಂದು ಕೇಳುವ ಸರ್ಕಾರ, ಜನರು ಹೇಳಿದ ಸತ್ಯವನ್ನು ಪ್ರಕಟಿಸುವ ಧೈರ್ಯವನ್ನೂ ತೋರಬೇಕು. ಅದಿಲ್ಲದಿದ್ದರೆ ಮುಂದಿನ ಬಾರಿ ಬಾಗಿಲು ತೆರೆಯುವವರು ಇನ್ನೂ ಕಡಿಮೆಯಾಗುತ್ತಾರೆ.

ಮೊದಲನೆಯ ಪ್ರಶ್ನೆಗೆ ಹಿರಿಯರು ತಮ್ಮ ಕಸುಬಿನ ಭಾಷೆಯಲ್ಲಿಯೇ ಉತ್ತರಿಸಿದರು. "ಮೂವತ್ತು ವರ್ಷ ನಾನು ಲೆಕ್ಕಪತ್ರ ನೋಡಿದೆನಮ್ಮ. ಸಾಲವನ್ನು ಪುಸ್ತಕದಲ್ಲಿ ಬರೆಯದಿದ್ದರೆ ಸಾಲ ತೀರಿದಂತಲ್ಲ. ಸಾಲಗಾರ ಯಾರೆಂಬುದು ಮರೆತುಹೋದಂತೆ, ಅಷ್ಟೆ. ನಮ್ಮ ವಿವರ ಯಾಕೆ ಎಂದೆಯಲ್ಲ, ಸರಾಸರಿ ಎಂದರೇನು? ಇಲ್ಲದವರದ್ದನ್ನೂ ಇದ್ದವರದ್ದನ್ನೂ ಕೂಡಿ ಭಾಗಿಸಿದ್ದು. ಇದ್ದವರೆಲ್ಲ ಬಾಗಿಲು ಹಾಕಿಕೊಂಡರೆ ಸರಾಸರಿ ಕೆಳಗಿಳಿಯುತ್ತದೆ. ಸರಾಸರಿ ಇಳಿದರೆ ಇಲ್ಲದವರು ಇರುವವರಂತೆ ಕಾಣುತ್ತಾರೆ. ನಾವು ಏನನ್ನೂ ಕೇಳಬೇಕಾಗಿಲ್ಲ. ಆದರೆ ನಾವು ಸುಮ್ಮನಿದ್ದರೆ, ಕೇಳುವ ಹಕ್ಕಿರುವವರ ಲೆಕ್ಕ ತಪ್ಪುತ್ತದೆ. ಹಾವನೂರರ 1.69ರಲ್ಲಿ ಪಾಸಾದ ದೊಡ್ಡ ಮನೆಯ ಮಕ್ಕಳೂ ಇದ್ದರು."

ಸೊಸೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಳಗೆ ಹೋಗಿ, ಪಡಿತರ ಚೀಟಿ, ಆಧಾರ್ ಕಾರ್ಡುಗಳಿದ್ದ ಕಡತವನ್ನು ತಂದು ಮೇಜಿನ ಮೇಲಿಟ್ಟರು. "ಕೇಳಿ ಮೇಡಂ. ಹೇಳಲು ಇಷ್ಟವಿಲ್ಲದ ಪ್ರಶ್ನೆ ಬಂದರೆ ಹೇಳುವುದಿಲ್ಲ" ಎಂದರು. ಶಿಕ್ಷಕಿ ನಕ್ಕು, "ಹಾಗೆಯೇ ಆಗಲಿ ಅಮ್ಮಾ" ಎಂದರು. ಆ್ಯಪ್ ಎರಡು ಬಾರಿ ಅರ್ಧಕ್ಕೆ ನಿಂತಿತು, ಮತ್ತೆ ನಡೆಯಿತು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು.

ಎದ್ದು ಹೊರಡುವಾಗ ಸೊಸೆಯೇ ಕೇಳಿದರು: "ನಮ್ಮ ಮನೆಗೆಲಸದಾಕೆ ಕಾಮಾಕ್ಷಿಪಾಳ್ಯದ ಕಡೆ ಇದ್ದಾಳೆ. ಅಲ್ಲೆಲ್ಲ ಮುಗಿಯಿತೇ?"

"ಅಲ್ಲಿಯ ಕಷ್ಟವೇ ಬೇರೆ ಅಮ್ಮಾ. ನಿಮ್ಮ ಬೀದಿಯಲ್ಲಿ ಜನ ಇದ್ದೂ ಬಾಗಿಲು ತೆರೆಯುವುದಿಲ್ಲ. ಅಲ್ಲಿ ತೆರೆಯಲು ಜನರೇ ಇರುವುದಿಲ್ಲ. ಹೋದಾಗಲೆಲ್ಲ ಬೀಗ. ಬೆಳಗ್ಗೆ ಆರಕ್ಕೆ ಹೊರಟರೆ ನಾಲ್ಕು ಮನೆ ಮುಗಿಸಿ ಕತ್ತಲಾದ ಮೇಲೆ ಬರುತ್ತಾರಂತೆ. ಅಲ್ಲಿಗೆ ಹೋಗುವ ನಮ್ಮ ಜೊತೆಯವರು ಮೂರು ಸಾರಿ ಹೋಗಿ ಬಂದರು."

ಅಂದರೆ, ಯಾರಿಗಾಗಿ ಈ ಎಣಿಕೆಯೋ ಅವರೇ ಎಣಿಕೆಯ ಹೊತ್ತಿಗೆ ಇತರರ ಮನೆಯ ಪಾತ್ರೆ ತೊಳೆಯುತ್ತಿರುತ್ತಾರೆ. ಯಾವ ಆಯೋಗದ ಯಾವ ಆದೇಶವೂ ಇದನ್ನು ತಿದ್ದಲಾರದು. ತಿದ್ದಬಲ್ಲವರು ಆ ಪಾತ್ರೆಗಳ ಒಡೆಯರು ಮಾತ್ರ.

2025ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಮುಂದಿನ ಜನಗಣತಿಯಲ್ಲಿ ಎಲ್ಲ ಜಾತಿಗಳ ಎಣಿಕೆಯೂ ನಡೆಯುವುದೆಂದು ಸಾರಿದೆ; 1931ರ ಅನಂತರ ದೇಶದ ಜನಗಣತಿಯಲ್ಲಿ ಅಂಥ ಪೂರ್ಣ ಎಣಿಕೆ ಪ್ರಕಟವಾದದ್ದಿಲ್ಲ. ಆದ್ದರಿಂದ ಬಾಗಿಲ ಗಂಟೆ ಒಮ್ಮೆ ಬಾರಿಸಿ ನಿಲ್ಲುವಂಥದ್ದಲ್ಲ. ಬಾರಿಸಿದಾಗ ತೆರೆಯುವುದು ಗೃಹಸ್ಥರ ಅರ್ಧ ಕರ್ತವ್ಯ. ಉಳಿದ ಅರ್ಧವೇನೆಂಬುದನ್ನು ಆ ಮನೆಯ ಸೊಸೆ ಅಂದು ಸಂಜೆಯೇ ಕಂಡುಕೊಂಡರು.

ದೀಪ ಹಚ್ಚುವ ಹೊತ್ತಿಗೆ ಮನೆಗೆಲಸದಾಕೆ ಬಂದು ಸೆರಗು ಕಟ್ಟಿಕೊಂಡಾಗ, ಆಕೆಯನ್ನು ತಡೆದು ಹೇಳಿದರು: "ನಾಳೆ ಇಡೀ ದಿನ ನೀನು ಬರಬೇಡ. ಸಂಬಳ ಹಿಡಿಯುವುದಿಲ್ಲ. ಗಣತಿಯವರು ಬಂದಾಗ ಮನೆಯಲ್ಲಿರು. ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳು. ಮಕ್ಕಳ ಹೆಸರು ಒಂದನ್ನೂ ಬಿಡಬೇಡ."

"ಪಾತ್ರೆ, ಅಮ್ಮಾ?" ಎಂದಳು ಆಕೆ.

"ಪಾತ್ರೆ ಒಂದು ದಿನ ಕಾಯುತ್ತದೆ" ಎಂದರು ಸೊಸೆ.